ತಾವಾಗಿ ಸತ್ತ ನೊಣಗಳು

ಕಾಗವಾಡದಿಂದ ಅಥಣಿಗೆ ಬರುವ ಬೆಳಗಿನ ಬಸ್ಸಿನಲ್ಲಿ, ಹಿಂದಿನ ದೊಡ್ಡ ಗಾಜಿನ ಬುಡಕ್ಕೆ, ಇವತ್ತಿಗೂ ನೊಣಗಳು ಸತ್ತು ಬಿದ್ದಿರುತ್ತವೆ. ಬೆಳಕು ಕಂಡ ಕಡೆ ದಾರಿ ಇದೆ ಎಂದುಕೊಂಡು ಗಾಜಿಗೆ ಬಡಿದುಕೊಂಡು, ದಣಿದು, ಅಲ್ಲೇ ಕಾಲು ಮೇಲೆ ಮಾಡಿ ಮಲಗಿದವು. ಮೊನ್ನೆ ಯಾವುದೋ ಕೆಲಸದ ಮೇಲೆ ಆ ಬಸ್ಸಿನಲ್ಲಿ ಬಂದೆ. ಮುಂದೆ ಜಾಗವಿಲ್ಲದೆ ಹಿಂದೆ ಹೋಗಿ ಕುಳಿತವನಿಗೆ ಅವು ಕಂಡವು. ಕಂಡಕ್ಟರ್ ನನ್ನ ಗುರುತು ಹಿಡಿದು, "ನಿಮ್ಮ ದೋಸ್ತ ಸರ ಹ್ವಾದ ಮ್ಯಾಲ ಇವನ್ನ ಯಾರೂ ಕೇಳವರಿಲ್ಲ ನೋಡ್ರಿ" ಎಂದ. ಹೂಂ ಎಂದೆ.

ಆ ದೋಸ್ತರು ಅಥಣಿಯ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಕಾಗವಾಡದ ಹತ್ತಿರದ ಒಂದು ಹಳ್ಳಿಯವರು. ಕಬ್ಬು, ಎಮ್ಮೆ, ಹಿತ್ತಲ ತುಂಬ ಮಲ್ಲಿಗೆ ಇದ್ದ ಜೈನ ಮನೆತನ. ಬಿಳಿಯ ಅರ್ಧ ತೋಳಿನ ಅಂಗಿ, ಎದೆಯ ಜೇಬಿನಲ್ಲಿ ಯಾವಾಗಲೂ ಒಂದು ಬೆಂಕಿಪೊಟ್ಟಣ. ಗುರುತಿಲ್ಲದವರು ಇವರೂ ಸೇದುವವರೇ ಎಂದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕಡ್ಡಿ ಕೇಳಲು ಬರುತ್ತಿದ್ದರು. ಅವರು ಸಂಕೋಚದಿಂದ ಪೊಟ್ಟಣ ತೆರೆದು ತೋರಿಸಿದರೆ, ಒಳಗೆ ಹತ್ತಿಯ ಹಾಸಿಗೆಯ ಮೇಲೆ ಒಂದು ನೊಣ. ನಿಪ್ಪಾಣಿ ಕಡೆಯ ಯಜಮಾನರೊಬ್ಬರು ಬೀಡಿ ಬಾಯಿಂದ ತೆಗೆದು, "ಇದು ಔಷಧಕ್ಕ ಏನ್ರಿ?" ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ. "ಇಲ್ರೀ ಅಣ್ಣಾರ, ಓದಾಕ" ಎಂದರು ನಮ್ಮ ಸರ್. ಆ ಯಜಮಾನರು ಬೀಡಿ ಹೊತ್ತಿಸುವುದನ್ನೇ ಮರೆತು ಬಸ್ ಹತ್ತಿದರು.

ನನಗೂ ಅವರಿಗೂ ಸ್ನೇಹವಾದದ್ದೇ ಒಂದು ನೊಣದಿಂದ. ನಾನು ಕಾಲೇಜಿಗೆ ಸೇರಿದ ಹೊಸತು. ಸ್ಟಾಫ್ ರೂಮಿನಲ್ಲಿ ನನ್ನ ಚಹಾದಲ್ಲಿ ನೊಣ ಬಿತ್ತು. ನನಗೆ ಮೊದಲೇ ಮೂಗಿನ ತುದಿಯ ಮೇಲೆ ಸಿಟ್ಟು. ಕಪ್ಪನ್ನು ಕಿಟಕಿಯಾಚೆ ಚೆಲ್ಲಲು ಎದ್ದೆ. ಎದುರಿಗೆ ಕುಳಿತಿದ್ದ ಇವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಜೇಬಿನಿಂದ ನವಿಲುಗರಿಯ ಒಂದು ಎಳೆ ತೆಗೆದು, ಅದರ ತುದಿಯಿಂದ ನೊಣವನ್ನು ಎತ್ತಿ ಕಾಗದದ ಮೇಲೆ ಇಟ್ಟರು. ಅದು ಸ್ವಲ್ಪ ಹೊತ್ತು ಬಿದ್ದುಕೊಂಡಿತ್ತು. ಆಮೇಲೆ ಎದ್ದು ಕೈ ತೊಳೆದುಕೊಂಡಿತು, ತಲೆ ಒರೆಸಿಕೊಂಡಿತು, ಹೋಯಿತು. "ನಿಮ್ಮ ಚಾ ಹೋತು, ಅದರ ಜೀವ ಉಳೀತು. ಬರ್ರಿ, ಇನ್ನೊಂದು ಚಾ ನಾ ಕುಡಸ್ತೀನಿ" ಎಂದರು. ಇಂಥ ವಿಚಿತ್ರ ಮನುಷ್ಯನ ಜೊತೆ ಚಹಾ ಕುಡಿಯಬೇಕೋ ಬೇಡವೋ ಎಂದು ಯೋಚಿಸುತ್ತಲೇ ಹಿಂದೆ ಹೋದೆ. ಹಾಗೆ ಹೋದವನು ಅವರು ನಿವೃತ್ತರಾಗುವವರೆಗೂ ದಿನಾ ಹೋದೆ.

ಅವರ ಪಾಠವನ್ನು ಬಾಗಿಲಲ್ಲಿ ನಿಂತು ಕೇಳಿದ್ದೇನೆ. "ನಾವು ಎಲ್ಲಾದಕ್ಕೂ ನೊಣ ಅಂದು ಕೈ ಬೀಸಿಬಿಡ್ತೀವಿ. ಸಂತ್ಯಾಗಿನ ಎಲ್ಲಾರಿಗೂ ಮಂದಿ ಅಂದಂಗ. ಒಬ್ಬೊಬ್ಬರನ್ನ ನೋಡಬೇಕಲ್ಲಾ?" ಎನ್ನುತ್ತಿದ್ದರು. ಹಾಗೆ ನೋಡುವುದನ್ನು ಅವರು ನನಗೂ ಕಲಿಸಿಬಿಟ್ಟರು. ಹೊಲದ ಬದುವಿನ ಮೇಲೆ ಗಡ್ಡ ಬಿಟ್ಟ ಪೈಲವಾನನ ಹಾಗೆ ಕುಳಿತು, ಹಾರುವ ಹುಳವನ್ನು ಹಾರುತ್ತಲೇ ಹಿಡಿಯುವುದು ಒಂದು ನೊಣ. ಹೂವಿನ ಮುಂದೆ ಗಾಳಿಯಲ್ಲಿ ಅಲುಗಾಡದೆ ನಿಲ್ಲುವ, ಜೇನೆಂದು ನಾವು ಹೆದರುವ ಹಳದಿ ಪಟ್ಟೆಯದೂ ನೊಣವೇ. ಅದಕ್ಕೆ ಮುಳ್ಳೇ ಇಲ್ಲ, ಬರೀ ವೇಷ. ಅದರ ಮರಿ ಕಬ್ಬಿನ ಗರಿಯ ಬಿಳಿ ಹೇನು ತಿಂದು ರೈತನಿಗೆ ಉಪಕಾರ ಮಾಡುತ್ತದೆ. ಬಚ್ಚಲ ಗೋಡೆಗೆ ಅಂಟಿಕೊಂಡಿರುವ, ಮುಟ್ಟಿದರೆ ಬೂದಿಯಾಗುವ ಪುಟ್ಟದು ನೊಣ. ಉದ್ದ ಕಾಲಿನ, ಎಲ್ಲಿ ಕುಳಿತರೂ ಒಂದು ಕಾಲು ಕಳೆದುಕೊಳ್ಳುವ ಬಡಪಾಯಿ ನೊಣ. ಸೊಳ್ಳೆ ಕೂಡ ನೊಣದ ಬಳಗವೇ ಎಂದಾಗ ಹುಡುಗರು ನಂಬುತ್ತಿರಲಿಲ್ಲ.

"ಎಣಸ್ರಿ" ಎನ್ನುತ್ತಿದ್ದರು. "ಜೇನಿಗೆ ನಾಕು ರೆಕ್ಕಿ, ಚಿಟ್ಟಿಗೆ ನಾಕು. ಇವಕ್ಕ ಎರಡ. ಇನ್ನೆರಡು ಎಲ್ಲಿ ಹ್ವಾದ್ವು? ಸಣ್ಣ ಗುಂಡಿನಂಗ ಆಗಿ ಬಗಲಾಗ ಕುಂತಾವ, ತೂಕ ಹಿಡಿಯಾಕ. ಎರಡು ಬಿಟ್ಟುಕೊಟ್ಟೈತಿ, ಅದಕ್ಕ ಅಷ್ಟು ಚಂದ ಹಾರತೈತಿ." ಈ ಮಾತು ಹೇಳುವಾಗ ಅವರ ಮುಖ ಬೇರೆಯೇ ಆಗುತ್ತಿತ್ತು.

ಒಂದು ದಿನ ಕೇಳಿದೆ, ಇಷ್ಟೆಲ್ಲ ಪ್ರಾಣಿಗಳಿರುವಾಗ ನೊಣದ ಬೆನ್ನು ಯಾಕೆ ಹತ್ತಿದಿರಿ ಎಂದು. ಅವರು ತಮ್ಮ ತಾಯಿಯ ಸುದ್ದಿ ತೆಗೆದರು. ಆ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಹುಳವನ್ನು ಮತ್ತೆ ಅದೇ ಬಾವಿಗೆ ಮೆಲ್ಲಗೆ ಇಳಿಸುವ ತಾಯಿ. ಚಿಕ್ಕಂದಿನಲ್ಲಿ ಆಟದಿಂದ ತಡವಾಗಿ ಬಂದ ಒಂದು ಸಂಜೆ ಇವರಿಗೆ ಊಟ ಸಿಗಲಿಲ್ಲ. "ದೀಪದ ಬೆಳಕಿಗೆ ಹುಳ ಬರತಾವೋ ತಮ್ಮಾ, ತಾಟಿನ್ಯಾಗ ಬೀಳತಾವು" ಎಂದರಂತೆ ತಾಯಿ. "ಯಾವ ಹುಳ ಬೇ ಯವ್ವಾ?" ಎಂದು ಇವರು ಹಸಿವಿನ ಸಿಟ್ಟಿನಲ್ಲಿ ಕೇಳಿದರು. ತಾಯಿಗೆ ಗೊತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ದೀಪದ ಕೆಳಗೆ ಸತ್ತು ಬಿದ್ದದ್ದನ್ನೆಲ್ಲ ಕಾಗದದಲ್ಲಿ ಆರಿಸಿಕೊಂಡು ಬಂದು ಮಗನ ಮುಂದೆ ಇಟ್ಟು, "ಇವು ನೋಡು. ಹೆಸರು ನೀನ ಕಲತು ನನಗ ಹೇಳು" ಎಂದರಂತೆ. "ಅದನ್ನ ಮಾಡಾಕತ್ತೀನ್ರಿ ಸರ ಇನ್ನೂ" ಎಂದರು ಇವರು.

ಪ್ರಾಣಿಶಾಸ್ತ್ರಕ್ಕೆ ಸೇರಿಸುವಾಗ ಆ ತಾಯಿ ಒಂದು ಮಾತು ತೆಗೆದುಕೊಂಡಿದ್ದರು, ನಿನ್ನ ಕೈಯಿಂದ ಒಂದು ಜೀವವೂ ಹೋಗಬಾರದು ಎಂದು. ಪ್ರಯೋಗಾಲಯದಲ್ಲಿ ಕಪ್ಪೆ ಕೊಯ್ಯುವ ದಿನ ಇವರು ತಟ್ಟೆಯ ಮುಂದೆ ಕೈಕಟ್ಟಿ ನಿಂತರು, ಅಂಕ ಹೋದವು. ಮುಂದೆ ಡಾಕ್ಟರೇಟ್ ಮಾಡಲು ಹೋದರೆ, ನೊಣ ಹಿಡಿಯದೆ ನೊಣದ ಮೇಲೆ ಸಂಶೋಧನೆ ಮಾಡುವವರನ್ನು ನಾನು ಕಂಡಿಲ್ಲ ಎಂದು ಮಾರ್ಗದರ್ಶಕರು ಕೈಮುಗಿದು ಕಳಿಸಿದರು. ಇವರು ನೊಂದುಕೊಂಡದ್ದು ನಿಜ. ಮಾತು ಮಾತ್ರ ಬಿಡಲಿಲ್ಲ. ತಾವಾಗಿ ಸತ್ತು ಬಿದ್ದ ನೊಣಗಳನ್ನಷ್ಟೇ ಆರಿಸಿದರು. ಬಸ್ಸಿನ ಗಾಜಿನ ಬುಡ, ಹೋಟೆಲಿನ ಕಿಟಕಿ, ಜೇಡರ ಬಲೆ, ಬೆಲ್ಲದ ಗಾಣದ ಅಂಗಳ. ಅವರ ಪೆಟ್ಟಿಗೆಗಳಲ್ಲಿ ಇಡಿಯಾಗಿದ್ದ ನೊಣ ಅಪರೂಪ. ಒಂದಕ್ಕೆ ರೆಕ್ಕೆ ಹರಿದಿದೆ, ಇನ್ನೊಂದಕ್ಕೆ ಕಾಲಿಲ್ಲ, ಮತ್ತೊಂದಕ್ಕೆ ತಲೆಯೇ ಇಲ್ಲ. ದವಾಖಾನೆಯ ವಾರ್ಡ್ ಇದ್ದ ಹಾಗಿದೆ ಎಂದು ನಾನು ತಮಾಷೆ ಮಾಡುತ್ತಿದ್ದೆ.

ಆ ಪೆಟ್ಟಿಗೆಗಳಿಗೆ ಅವರು ಡಾಂಬರ್ ಗುಳಿಗೆಯನ್ನೂ ಹಾಕುತ್ತಿರಲಿಲ್ಲ. ಒಣಗಿದ ನೊಣವನ್ನು ತಿನ್ನಲು ಕೂದಲುಳ್ಳ ಒಂದು ಕಂದು ಹುಳ ಬರುತ್ತದೆ; ಗುಳಿಗೆ ಹಾಕಿದರೆ ಅದು ಸಾಯುತ್ತದಲ್ಲ. ಬದಲಿಗೆ ಬೇವಿನ ಎಲೆ, ಬಜೆಯ ಪುಡಿ. ಅದನ್ನು ಆಗಾಗ ಹೊಸದಾಗಿ ಹಾಕುತ್ತಿರಬೇಕು, ಮರೆತರೆ ಹುಳ ಬಂತೇ. "ಗುಳಿಗಿ ಅಂದ್ರ ಕೊಂದಂಗ. ಬೇವು ಅಂದ್ರ 'ಬರಬ್ಯಾಡಪಾ' ಅಂತ ಹೇಳಿದಂಗ" ಎನ್ನುತ್ತಿದ್ದರು.

ಒಮ್ಮೆ ಬೆಳಿಗ್ಗೆ ಕುಣಿಯುತ್ತಲೇ ಸ್ಟಾಫ್ ರೂಮಿಗೆ ಬಂದರು. ಬಸ್ಸಿನಲ್ಲಿ ಒಂದು ನೊಣ ಸಿಕ್ಕಿದೆ, ಮೈಯೆಲ್ಲ ಬಂಗಾರದ ಹಳದಿ, ಇಂಥದ್ದನ್ನು ಎಲ್ಲೂ ಕಂಡಿಲ್ಲ. ಕ್ಲಾಸು ಬಿಟ್ಟು ಭೂತಗನ್ನಡಿ ಹಿಡಿದು ಕುಳಿತರು. ನಾನೂ ಬಾಗಿ ನೋಡಿದೆ, ಉಸಿರು ತಗುಲಿ ಹಳದಿ ಸ್ವಲ್ಪ ಹಾರಿತು. ಹಿಂದಿನ ದಿನ ಅಮಾವಾಸ್ಯೆ. ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೋದ ಮಂದಿ ಮೈತುಂಬ ಭಂಡಾರ ಹಚ್ಚಿಕೊಂಡು ಅದೇ ಬಸ್ಸಿನಲ್ಲಿ ಬಂದಿದ್ದರು. ಅರಿಷಿಣದಲ್ಲಿ ಹೊರಳಿ ಸತ್ತ ಮಾಮೂಲಿ ಮನೆನೊಣ ಅದು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹೋಗ್ಲಿ ಬಿಡ್ರಿ, ದೇವರ ದರ್ಶನ ಮಾಡ್ಕೊಂಡು ಸತ್ತೈತಿ" ಎಂದು ಅದನ್ನೂ ಹತ್ತಿಯ ಮೇಲೆ ಮಲಗಿಸಿದರು.

ನಿಜವಾಗಿಯೂ ಹೆಸರಿಲ್ಲದ ನೊಣ ಸಿಕ್ಕಿದ್ದು ನಮ್ಮ ಊರು ಐಗಳಿಯಲ್ಲಿ. ಅಲ್ಲಿ ನಮ್ಮ ಅಣ್ಣನ ದ್ರಾಕ್ಷಿ ತೋಟ, ಪಕ್ಕದಲ್ಲೇ ಒಣದ್ರಾಕ್ಷಿಯ ಶೆಡ್ಡು. ಬೇಸಿಗೆಯ ಮೊದಲಲ್ಲಿ ಅವರನ್ನು ಕರೆದುಕೊಂಡು ಹೋಗಿದ್ದೆ. ತಂತಿಬಲೆಯ ಅಂತಸ್ತುಗಳ ಮೇಲೆ ದ್ರಾಕ್ಷಿ ಹರಡಿತ್ತು. ನಮ್ಮಣ್ಣನಿಗೆ ನೊಣ ಎಂದರೆ ಮೈಯೆಲ್ಲ ಉರಿ. "ಸರ, ನಿಮ್ಮ ಮಂದೀನ ನೀವ ಕರಕೊಂಡು ಹೋಗಿಬಿಡ್ರಿ, ಪುಣ್ಯಾ ಬರತೈತಿ" ಎಂದ. ಇವರು ನಗಲಿಲ್ಲ. ಒಂದು ಗೊಂಚಲಿನ ಮುಂದೆ ಮೊಣಕಾಲೂರಿ ಕುಳಿತುಬಿಟ್ಟಿದ್ದರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ನೊಣ, ಹಸಿರು ಮಿಂಚುವ ಮೈ, ರೆಕ್ಕೆಯ ಮೇಲೆ ಇಳಕಲ್ ಸೀರೆಯ ಅಂಚಿನ ಹಾಗೆ ಕಂದು ಪಟ್ಟಿ. ಅದು ನಡೆಯುತ್ತ ಒಮ್ಮೆ ಬಲ ರೆಕ್ಕೆ ಎತ್ತಿ ಆಡಿಸುತ್ತಿತ್ತು, ಒಮ್ಮೆ ಎಡ ರೆಕ್ಕೆ. "ಯಾರನ್ನೋ ಕರಿಯಾಕತ್ತೈತಿ ನೋಡ್ರಿ ಸರ" ಎಂದರು ಪಿಸುಮಾತಿನಲ್ಲಿ.

ಅಂದಿನಿಂದ ಆ ನೊಣ ಅವರ ತಲೆಯಲ್ಲಿ ಕುಳಿತಿತು. ಫೋಟೋ ತೆಗೆದು ದೂರದ ಒಬ್ಬ ತಜ್ಞರಿಗೆ ಕಳಿಸಿದರು. ಇದು ಹೊಸದೇ ಇರಬಹುದು, ಆದರೆ ಹೆಸರಿಡಲು ಫೋಟೋ ಸಾಲದು, ಮೈಮೇಲಿನ ಒಂದು ರೋಮವೂ ಉದುರದ ಗಂಡು ನೊಣ ಬೇಕು ಎಂದು ಅವರು ತಿಳಿಸಿದರು. ಇವರು ಪ್ರತಿ ಬೇಸಿಗೆ ಐಗಳಿಗೆ ಬರತೊಡಗಿದರು. ಶೆಡ್ಡಿನ ನೆಲ ಹುಡುಕಿದರು. ಸಿಕ್ಕಿದ್ದೆಲ್ಲ ಇರುವೆ ಎಳೆದದ್ದು, ಕಾಲಿಗೆ ಸಿಕ್ಕಿ ನಜ್ಜಾದದ್ದು, ದ್ರಾಕ್ಷಿ ಅದ್ದುವ ಎಣ್ಣೆಯ ನೀರಿನಲ್ಲಿ ಬಿದ್ದದ್ದು. ನನಗೆ ತಾಳ್ಮೆ ತಪ್ಪಿತು. ಒಂದನ್ನು ಹಿಡಿದು ಬಾಟಲಿಯಲ್ಲಿ ಇಟ್ಟು ಸಾಕಿ, ತಾನಾಗಿ ಸತ್ತ ಮೇಲೆ ತೆಗೆದುಕೊಳ್ಳಿ ಎಂದೆ. "ಕಟ್ಟಿ ಹಾಕೋದೂ ಹಿಂಸೆನ ಅಲ್ರಿ. ಬಾಟಲಿಯೊಳಗ ಅದು ಯಾರನ್ನ ಕರೀಬೇಕು?" ಎಂದರು. ಅದಕ್ಕೆ ಒಂದು ಹೆಸರು ಸಿಗುವುದನ್ನು ನೋಡಿಯೇ ಸಾಯಬೇಕು ಎಂಬ ಆಸೆ ಅವರಿಗೆ ಎಷ್ಟಿತ್ತು ಎಂದು ನನಗೆ ಗೊತ್ತು. ಅವರ ತಾಯಿ ಆಗಲೇ ತೀರಿಕೊಂಡಿದ್ದರು. ಹೆಸರು ಹೇಳಬೇಕಾದವರು ಇರಲಿಲ್ಲ, ಹೇಳುವ ಮಾತು ಮಾತ್ರ ಉಳಿದಿತ್ತು.

ಇಷ್ಟೆಲ್ಲ ವ್ರತದ ಮನುಷ್ಯ ವಿದ್ಯಾರ್ಥಿಗಳಿಗೆ ಅದರ ಸುಳಿವನ್ನೇ ಕೊಟ್ಟಿರಲಿಲ್ಲ. ಸತ್ತ ನೊಣವನ್ನೇ ಯಾಕೆ ಆರಿಸುತ್ತೀರಿ ಎಂದು ಯಾರಾದರೂ ಕೇಳಿದರೆ, "ಹಿಡಿಯಾಕ ನನಗ ಬರಂಗಿಲ್ರೋ" ಎಂದು ತೇಲಿಸಿಬಿಡುತ್ತಿದ್ದರು. ಒಮ್ಮೆ ನನ್ನೊಡನೆ ಹೇಳಿದರು: "ಕ್ಲಾಸಿನ್ಯಾಗ ಎಲ್ಲಾ ಮನಿ ಹುಡುಗರು ಇರತಾರ. ನಾ ಅಹಿಂಸೆ ಅಂತ ಶುರು ಮಾಡಿದ್ರ, ಮೀನು ಮಾಂಸ ಉಂಡು ಬಂದ ಹುಡುಗ ತಲಿ ಕೆಳಗ ಹಾಕತೈತಿ. ನನ್ನ ವ್ರತ ನಂದು. ಅವರ ತಾಟಿನ್ಯಾಗ ಇಣುಕೋದು ನನ್ನ ಕೆಲಸ ಅಲ್ಲ." ಅವರ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಆ ಮಾತಿನಿಂದ. ಹಾಗೆ ಹೇಳದೆ ಉಳಿದದ್ದೇ ಮುಂದೆ ಅವರಿಗೆ ಮುಳುವಾಗುತ್ತದೆ ಎಂದು ಯಾರಿಗೆ ತಿಳಿದಿತ್ತು?

ಆ ವಿದ್ಯಾರ್ಥಿಗಳಲ್ಲಿ ಸುಜಾತಾ ಎಂಬ ಹುಡುಗಿ ಇದ್ದಳು, ತೆಲಸಂಗದವಳು. ಕೂಲಿ ಮಾಡುವ ಬೌದ್ಧರ ಮನೆ. ಅವಳ ತಾಯಿ ಬೇಸಿಗೆಯಲ್ಲಿ ನಮ್ಮಣ್ಣನ ಶೆಡ್ಡಿಗೇ ದ್ರಾಕ್ಷಿ ಆರಿಸಲು ಬರುತ್ತಿದ್ದರು. ಹಸಿರು ನೊಣದ ಹುಡುಕಾಟ ಹೀಗೆ ಅವಳಿಗೂ ಗೊತ್ತಿತ್ತು. ಸುಜಾತಾ ಚುರುಕು, ಬಾಯಿ ಜೋರು. ನೊಣದ ರೆಕ್ಕೆಯ ಗೆರೆಗಳನ್ನು ಸರ್‌ಗಿಂತ ಚೆನ್ನಾಗಿ ಬಿಡಿಸುತ್ತಿದ್ದಳು. "ಇದು ನನ್ನ ಕಣ್ಣು" ಎಂದು ಅವರು ಅವಳ ಬಗ್ಗೆ ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದರು. ಮಕ್ಕಳಿಲ್ಲದ ಮನೆ ಅವರದು.

ಅವರು ನಿವೃತ್ತರಾದ ವರ್ಷ ಕಾಲೇಜಿನಲ್ಲಿ ಸತ್ಕಾರ ಸಮಾರಂಭ ಇಟ್ಟುಕೊಂಡಿದ್ದೆವು. ಶಾಲು, ಹಾರ, ಪ್ರಾಂಶುಪಾಲರ ಉದ್ದನೆಯ ಭಾಷಣ ಎಲ್ಲ ಆದ ಮೇಲೆ ಸುಜಾತಾ ವೇದಿಕೆಗೆ ಬಂದಳು. ಕೈಯಲ್ಲಿ ಹೊಸ ಗಾಜಿನ ಮುಚ್ಚಳದ ಕಟ್ಟಿಗೆಯ ಪೆಟ್ಟಿಗೆ. ಒಳಗೆ ಸಾಲು ಸಾಲು ನೊಣಗಳು, ಒಂದೊಂದೂ ಸೂಜಿಗೆ ಚುಚ್ಚಿ, ಕೆಳಗೆ ಮುದ್ದಾದ ಅಕ್ಷರದ ಚೀಟಿ. ಬದುವಿನ ಪೈಲವಾನ, ಜೇನಿನ ವೇಷದ್ದು, ಉದ್ದ ಕಾಲಿನದು, ಎಲ್ಲವೂ. ನಡುವೆ, ಹಸಿರು ಮೈಯ, ಕಂದು ಪಟ್ಟಿಯ ಆ ನೊಣ. ರೆಕ್ಕೆ ಎರಡೂ ಬಿಚ್ಚಿ ನಿಂತಿತ್ತು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಪಕ್ಕದ ಕುರ್ಚಿಯಲ್ಲಿದ್ದ ನಾನು ಅವರ ಮುಖ ನೋಡಿದೆ. ಮೊದಲು ಅರಳಿತು. ಆಮೇಲೆ ಬಿಳಿಚಿತು.

"ಇವು ಬಿದ್ದದ್ದು ಸಿಕ್ವೇನವಾ?" ಎಂದರು ಮೆಲ್ಲಗೆ.

"ಇಲ್ರಿ ಸರ, ಜೀವಂತ ಹಿಡದೇವ್ರಿ!" ಸುಜಾತಾ ಹಿಗ್ಗಿನಿಂದ ಹೇಳಿದಳು. "ಅದಕ್ಕ ನೋಡ್ರಿ, ಒಂದರ ಕಾಲೂ ಮುರದಿಲ್ಲ. ಉಗುರಬಣ್ಣ ತಗಿಯೂ ಔಷಧದಾಗ ಹತ್ತಿ ಅದ್ದಿ ಬಾಟಲಿಯೊಳಗ ಇಟ್ರ ಗಪ್ಪನ ಆಗಿಬಿಡತಾವ್ರಿ. ನೀವು ಮುರದದ್ದು ಆರಿಸಿ ಆರಿಸಿ ಕಣ್ಣು ಹಾಳ ಮಾಡ್ಕೊಂಡ್ರಿ. ನಿಮಗ ಹಿಡಿಯಾಕ ಬರಂಗಿಲ್ಲಲ್ಲಾ, ಅದಕ್ಕ ನಾವೆಲ್ಲಾ ಕೂಡಿ ಹಿಡದ್ವಿ. ಇದರ ಹೆಸರಿನ ಜಾಗ ಖಾಲಿ ಬಿಟ್ಟೀನ್ರಿ. ನೀವ ಬರೀಬೇಕು."

ಅವರು ಎದ್ದು ನಿಂತು ಅವಳ ತಲೆಯ ಮೇಲೆ ಕೈ ಇಟ್ಟರು. "ಭಾಳ ಚಂದ ಮಾಡೀರಿ ತಂಗಿ. ಭಾಳ ಚಂದ" ಎಂದರು. ಆಮೇಲೆ ಪೆಟ್ಟಿಗೆಯ ಕಡೆ ನೋಡದೆ ಕುಳಿತುಬಿಟ್ಟದ್ದನ್ನು ಎಲ್ಲರೂ ಬೀಳ್ಕೊಡುಗೆಯ ದುಃಖ ಎಂದುಕೊಂಡರು. ಮಧ್ಯಾಹ್ನದ ಊಟಕ್ಕೆ ಗೋದಿ ಹುಗ್ಗಿ ಇತ್ತು, ಅವರಿಗೆ ಪ್ರಾಣ. ಹೊಟ್ಟೆ ಸರಿಯಿಲ್ಲ ಎಂದು ತಟ್ಟೆ ಮುಟ್ಟಲಿಲ್ಲ.

ಮರುದಿನ ನನಗೆ ತಡೆಯಲಾಗದೆ ಅವರ ಊರಿಗೆ ಹೋದೆ. ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ನಮ್ಮ ಕಡೆ ಅತ್ತಿಗೆಗೆ ಅನ್ನುವಂತೆ ನಾನು ವೈನಿ ಎನ್ನುತ್ತಿದ್ದೆ. ವೈನಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸುಳ್ಳು ಎಂಬುದು ಅವರ ಬಾಯಿಗೆ ಬರುತ್ತಲೇ ಇರಲಿಲ್ಲ. ಸರ್‌ಗೆ ಬೇಡವಾದ ಫೋನ್ ಬಂದು, ಮನೆಯಲ್ಲಿಲ್ಲ ಎನ್ನು ಎಂದು ಸನ್ನೆ ಮಾಡಿದರೆ, "ಇಲ್ಲೇ ಅದಾರ್ರಿ, ಮಾತಾಡಾಕ ಮನಸಿಲ್ಲಂತ" ಎಂದು ಇಟ್ಟುಬಿಡುವವರು. ಪ್ರಾಂಶುಪಾಲರಿಗೂ ಒಮ್ಮೆ ಹಾಗೇ ಹೇಳಿ ನಮ್ಮ ಸರ್‌ಗೆ ನೋಟಿಸು ಬರುವುದರಲ್ಲಿತ್ತು.

"ಒಳಗ ಕುಂತಾರ್ರಿ ಅಣ್ಣಾರ. ನಿನ್ನಿಯಿಂದ ಉಪವಾಸ" ಎಂದರು ವೈನಿ.

"ಇವತ್ತು ಅಷ್ಟಮಿ ಅಲ್ಲಲ್ರಿ? ಚತುರ್ದಶಿನೂ ಅಲ್ಲ" ಎಂದೆ. ಆ ಎರಡು ತಿಥಿಗಳಲ್ಲಿ ಮಾತ್ರ ಆ ಮನೆಯಲ್ಲಿ ಉಪವಾಸ. ಎಷ್ಟೋ ವರ್ಷದ ಒಡನಾಟದಿಂದ ಅವರ ಪಂಚಾಂಗ ನನಗೂ ಬಾಯಿಪಾಠವಾಗಿತ್ತು.

"ಅಲ್ಲರಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಸರ್ ಪೆಟ್ಟಿಗೆಯನ್ನು ಮುಂದೆ ಇಟ್ಟುಕೊಂಡು ಕುಳಿತಿದ್ದರು. ಹುಡುಗರು ತಿಳಿಯದೆ ಮಾಡಿದ್ದು, ನಿಮಗೇನು ಪಾಪ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಕೊಲ್ಲಬಾರದು, ಕೊಲ್ಲಿಸಬಾರದು, ಕೊಂದದ್ದನ್ನ ಮೆಚ್ಚಬಾರದು. ನಮ್ಮವ್ವ ಹೇಳಿಕೊಟ್ಟದ್ದು ಇಷ್ಟ. ಎರಡು ಉಳಿಸಿಕೊಂಡಿದ್ನಿ ಸರ. ಮೂರನೇದು ನಿನ್ನೆ ಹೋತು."

"ಹುಡುಗಿ ಮನಸ್ಸು ನೋಯಬಾರದು ಅಂತ ಬಾಯಿಮಾತಿಗೆ ಅಂದ್ರಿ. ಅದು ಮೆಚ್ಚಿದಂಗೇನು?"

"ಬಾಯಿಮಾತಲ್ಲ, ಖರೇನ ಮೆಚ್ಚಿದೆ." ಅವರ ಕಣ್ಣು ತುಂಬಿತ್ತು. "ಆ ನೊಣ ನೋಡಿದ ಕೂಡಲೇ ಹಿಗ್ಗಿದೆ. ರೆಕ್ಕಿ ಹೆಂಗ ಇತ್ತು! ಅದರ ಜೀವ ಹೋಗೇತಿ ಅನ್ನೋದು ನೆನಪಾಗೂದಕ್ಕಿಂತ ಮೊದಲ ಹಿಗ್ಗಿದೆ. ಇಷ್ಟು ವರ್ಷ ನಾ ಕಾಯ್ದದ್ದು ಅದು ಸಾಯಲಿ ಅಂತನ ಅಲ್ಲೇನ್ರಿ? ನನ್ನ ಕೈಲೆ ಆಗಬಾರದು ಅಂತಿದ್ದೆ, ಅಷ್ಟ."

ನನಗೆ ಸಿಟ್ಟು ಬಂತು. ಹಾಗಾದರೆ ತಜ್ಞರಿಗೆ ಕಳಿಸಿಬಿಡಿ, ಅದರ ಸಾವಾದರೂ ಸಾರ್ಥಕವಾಗಲಿ ಎಂದು ದಬಾಯಿಸಿದೆ. "ಅದರ ಹೆಣದ ಮ್ಯಾಲ ನಾ ಹೆಸರು ಮಾಡ್ಕೊಳ್ಳೋದಾ?" ಎಂದರು. ಹಾಗಾದರೆ ಆ ಹುಡುಗಿಗೆ ಇದ್ದದ್ದು ಹೇಳಿ ಎಂದೆ. ಅದಕ್ಕೆ ಮಾತ್ರ ಅವರು ಗಟ್ಟಿ ದನಿಯಲ್ಲಿ, "ಬ್ಯಾಡ್ರಿ! ಆಕಿ ಜೀವ ತೇಯ್ದು ಮಾಡ್ಯಾಳ. ಹೇಳಿದ್ರ ಇನ್ನ ಮುಂದ ನೊಣ ನೋಡಿದಾಗೊಮ್ಮೆ ಅಳತಾಳ. ನೀವೂ ಹೇಳಬಾರದು" ಎಂದು ನನ್ನಿಂದ ಮಾತು ತೆಗೆದುಕೊಂಡರು. ಒಳಗಿನಿಂದ ವೈನಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಆಮೇಲೆ ಸುಜಾತಾ ಧಾರವಾಡಕ್ಕೆ ಎಂ.ಎಸ್ಸಿ. ಓದಲು ಹೋದಳು. ಆಗಾಗ ಫೋನ್ ಮಾಡಿ, "ಸರ, ಹೆಸರು ಬಂತೇನ್ರಿ?" ಎಂದು ಕೇಳುತ್ತಿದ್ದಳಂತೆ. "ನೋಡೂಣು ತಂಗಿ" ಎನ್ನುತ್ತಿದ್ದರಂತೆ ಇವರು. ಪೆಟ್ಟಿಗೆಯನ್ನು ಕಳಿಸಲೂ ಆಗದೆ, ಕಣ್ಣಿಗೆ ಕಾಣದ ಹಾಗೆ ಇಡಲೂ ಆಗದೆ, ದಿನಾ ಒಮ್ಮೆ ತೆಗೆದು ನೋಡುವರು. ಬೇವಿನ ಎಲೆ ಬದಲಿಸಿ ಮುಚ್ಚುವರು. ಹೀಗೆ ವರ್ಷ ಕಳೆಯಿತು. ಆ ಒಂದು ವರ್ಷದಲ್ಲಿ ಅವರು ಬಹಳ ವಯಸ್ಸಾದವರಂತೆ ಕಾಣತೊಡಗಿದರು. ಮಳೆಗಾಲದಲ್ಲಿ ಕಾಲು ಬಾತುಕೊಂಡವು, ಕಿಡ್ನಿ ಕೆಟ್ಟಿದೆ ಎಂದರು. ವೈನಿ ಅವರನ್ನು ಮೀರಜಿನ ಆಸ್ಪತ್ರೆಗೆ ಕರೆದುಕೊಂಡು ಓಡಾಡಿದ್ದೇ ಓಡಾಡಿದ್ದು.

ಕೊನೆಯ ಸಲ ನೋಡಿದಾಗ ವಾರ್ಡಿನ ಕಿಟಕಿಯ ಗಾಜಿನ ಮೇಲೆ ಒಂದು ನೊಣ ಮೇಲೆ ಕೆಳಗೆ ಓಡಾಡುತ್ತಿತ್ತು. "ಸರ, ಕಿಡಕಿ ಸ್ವಲ್ಪ ತಗೀರಿ, ಅದು ಹೊರಗ ಹೋಗಲಿ" ಎಂದರು. ತೆಗೆದೆ. ಹೋಯಿತು. ಅದು ಹೋದ ಕಡೆ ನೋಡುತ್ತ ಹೇಳಿದರು: "ಪೆಟಗಿ ಸುಜಾತಾಗ ಕೊಡ್ರಿ. ಅದು ಆಕೀದು. ಆಕಿ ಕಳಸಲಿ, ಆಕಿ ಹೆಸರಲೆ ಹೋಗಲಿ. ಹೆಸರು ಬಂತಂದ್ರ ನಮ್ಮವ್ವಗೂ ಗೊತ್ತಾಗತೈತಿ." ಇಷ್ಟು ದಿನದ ಗಂಟು ಕೊನೆಗೂ ಬಿಚ್ಚಿತಲ್ಲ ಎಂದು ನನಗೆ ಸಮಾಧಾನವಾಯಿತು. ಆ ವಾರವೇ ಅವರು ಹೋದರು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಪೆಟ್ಟಿಗೆ ಒಯ್ಯಲು ಸುಜಾತಾ ಧಾರವಾಡದಿಂದ ಬಂದಳು. ಇಬ್ಬರೂ ಮಧ್ಯಾಹ್ನದ ಬಸ್ಸಿಗೆ ಅವರ ಊರಿಗೆ ಹೋದೆವು. ವೈನಿ ಕಪಾಟಿನಿಂದ ಪೆಟ್ಟಿಗೆ ತಂದು ನಮ್ಮ ಮುಂದೆ ಇಟ್ಟರು. ಗಾಜಿನ ಒಳಗೆಲ್ಲ ಕಂದು ಪುಡಿ. ಸುಜಾತಾ ಮುಚ್ಚಳ ತೆಗೆದಳು. ಬೇವಿನ ಎಲೆ ಯಾವಾಗಲೋ ಒಣಗಿ ಮುದುಡಿತ್ತು. ನಡುವಿನ ಸೂಜಿ ನೆಟ್ಟಗೆ ನಿಂತಿತ್ತು, ಸೂಜಿಯ ಕೆಳಗೆ ಅವಳದೇ ಅಕ್ಷರದ ಚೀಟಿ ಇತ್ತು, ಚೀಟಿಯಲ್ಲಿ ಹೆಸರಿನ ಜಾಗ ಖಾಲಿ ಇತ್ತು. ನೊಣ ಇರಲಿಲ್ಲ. ಯಾವ ಸೂಜಿಯ ಮೇಲೂ ಇರಲಿಲ್ಲ. ಮೂಲೆಯಲ್ಲಿ ಕೂದಲುಳ್ಳ ಒಂದು ಕಂದು ಹುಳ ಹೊಟ್ಟೆ ತುಂಬಿ ನಿಧಾನವಾಗಿ ಹರಿದಾಡುತ್ತಿತ್ತು.

"ಮೀರಜಕ್ಕ ಓಡಾಡೂದರಾಗ ಬೇವಿನ ತಪ್ಪಲ ನೆನಪ ಆಗಲಿಲ್ರಿ ನನಗ" ಎಂದು ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನನಗೆ ಅಳು ಬಂತು. ಆ ಹುಳದ ಮೇಲೆ ವಿಪರೀತ ಸಿಟ್ಟೂ ಬಂತು, ಹೊಸಕಿಬಿಡಬೇಕು ಎನ್ನಿಸಿತು. ಸುಜಾತಾ ಪೆಟ್ಟಿಗೆಯ ಪಕ್ಕದಲ್ಲಿದ್ದ ನವಿಲುಗರಿಯ ಎಳೆ ತೆಗೆದುಕೊಂಡು, ಅದನ್ನು ಮೆಲ್ಲಗೆ ಎತ್ತಿ, ಹಿತ್ತಲಿಗೆ ಹೋಗಿ ಮಲ್ಲಿಗೆಯ ಬುಡದಲ್ಲಿ ಬಿಟ್ಟು ಬಂದಳು. ಬಂದವಳು ವೈನಿಯ ಮುಂದೆ ಕುಳಿತಳು.

"ಕಾಕೂ, ಒಂದು ಕೇಳ್ತೀನ್ರಿ. ಧಾರವಾಡದಾಗ ನನ್ನ ರೂಮಿನ್ಯಾಗ ನಿಮ್ಮ ಜೈನರ ಪೈಕಿ ಹುಡುಗಿ ಒಬ್ಬಾಕಿ ಅದಾಳ. ಆಕಿ ಸೊಳ್ಳೀನೂ ಹೊಡಿಯಂಗಿಲ್ಲ. ಅದನ್ನ ನೋಡಿದಾಗಿಂದ ನನಗ ನಿದ್ದಿ ಇಲ್ರಿ." ಚೀಟಿಯ ಖಾಲಿ ಜಾಗದ ಮೇಲೆ ಬೆರಳಿಟ್ಟಳು. "ನಾವು ಹಿಡದು ಕೊಂದದ್ದು ಸರಗ ನೋವಾತೇನ್ರಿ? ಅದಕ್ಕ ಕಳಸಲಿಲ್ಲೇನ್ರಿ ಅವರು?"

ನಾನು ವೈನಿಯ ಮುಖ ನೋಡಿದೆ. ನಾನಂತೂ ಮಾತು ಕೊಟ್ಟವನು, ಸುಮ್ಮನಿರಬಹುದು. ಆದರೆ ಇವರು ಸುಳ್ಳು ಹೇಳುವವರಲ್ಲ. ಆ ಹುಡುಗಿಯನ್ನು ಇನ್ನು ಯಾರು ಕಾಪಾಡಬೇಕು?

ವೈನಿ ಖಾಲಿ ಪೆಟ್ಟಿಗೆಯ ಮುಚ್ಚಳ ಹಾಕಿದರು. ಆಮೇಲೆ ಸುಜಾತಾಳ ಕೈ ಹಿಡಿದುಕೊಂಡರು.

"ನೋವು ಎಲ್ಲೀದವಾ? ಭಾಳ ಖುಷಿ ಆಗಿದ್ರು. ಅಂದು ಮನಿಗೆ ಬಂದ ಕೂಡಲೇ ಪೆಟಗಿ ಮುಂದ ಇಟ್ಕೊಂಡು ಎರಡು ಹೋಳಿಗಿ ಉಂಡ್ರು. 'ನನ್ನ ಮಗಳು ಕೊಟ್ಟದ್ದು, ಯಾರಿಗೂ ಕೊಡಂಗಿಲ್ಲ' ಅಂದ್ರು. ಅದಕ್ಕ ಕಳಸಲಿಲ್ಲ ನೋಡು."

ಸುಜಾತಾ ಅವರ ಮಡಿಲಿನಲ್ಲಿ ತಲೆ ಇಟ್ಟು ಅತ್ತಳು. ಅತ್ತು ಹಗುರಾದಳು. ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ.

ಹೊತ್ತು ಇಳಿಯುತ್ತ ಬಂದಿತ್ತು. ಮುಳುಗುವುದರೊಳಗೆ ಉಂಡು ಹೋಗಬೇಕು ಎಂದು ವೈನಿ ಒತ್ತಾಯ ಮಾಡಿ ತಟ್ಟೆ ಹಾಕಿದರು. ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಎರಡೇ ತಟ್ಟೆ ಇದ್ದವು.

"ನೀವೂ ಕುಂಡ್ರಿ ಕಾಕೂ" ಎಂದಳು ಸುಜಾತಾ.

"ನೀವು ಉಣ್ರಿ ತಂಗಿ. ನಂದು ಇವತ್ತ ಉಪವಾಸ ಐತಿ" ಎಂದರು ವೈನಿ, ನನ್ನ ಕಡೆ ನೋಡದೆ.

ನಾನು ರೊಟ್ಟಿ ಮುರಿದೆ. ಅಂದು ಅಷ್ಟಮಿಯಾಗಿರಲಿಲ್ಲ, ಚತುರ್ದಶಿಯೂ ಆಗಿರಲಿಲ್ಲ.